ಯಾರು, ಯಾರಿಗೆ ಹೇಳಿದರು?

ಕನ್ನಡ ಉಪಾಧ್ಯಾಯನಾಗಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಈ ಅವಧಿಯಲ್ಲಿ ಎಷ್ಟು ಪದ್ಯಗಳನ್ನು ಪಾಠ ಹೇಳಿದೆ, ಎಷ್ಟು ಸಂಧಿಗಳನ್ನು ಬಿಡಿಸಿದೆ ಎಂಬುದರ ಲೆಕ್ಕ ನನ್ನಲ್ಲಿಲ್ಲ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ವರ್ಷಕ್ಕೆ ನಾಲ್ಕು ಸಲವಾದರೂ ಪ್ರಶ್ನಪತ್ರಿಕೆಯಲ್ಲಿ ಬರೆದಿದ್ದೇನೆಂದು ಧೈರ್ಯವಾಗಿ ಹೇಳಬಲ್ಲೆ: “ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು?” ಮೂರು ಅಂಕದ ಪ್ರಶ್ನೆ. ಹೇಳಿದವರ ಹೆಸರಿಗೆ ಒಂದು, ಕೇಳಿಸಿಕೊಂಡವರ ಹೆಸರಿಗೆ ಒಂದು, ಸಂದರ್ಭಕ್ಕೆ ಒಂದು. ನಮ್ಮ ಹುಡುಗರು ಈ ಪ್ರಶ್ನೆಯಲ್ಲಿ ಬಹು ಜಾಣರು. ಪಾಠವನ್ನು ಓದದವನೂ ಗೈಡು ನೋಡಿ ಇದಕ್ಕೆ ಎರಡಂಕ ಗಿಟ್ಟಿಸಿಬಿಡುತ್ತಾನೆ. ಹೇಳಿದ ಮಾತಿನಲ್ಲಿ ಸಿಟ್ಟಿತ್ತೋ ಸಂಕೋಚವಿತ್ತೋ, ಕೇಳಿದವನು ತಲೆಯೆತ್ತಿದನೋ ತಗ್ಗಿಸಿದನೋ, ಅದಕ್ಕೆ ಅಂಕವಿಲ್ಲ. ಆದ್ದರಿಂದ ಉತ್ತರವೂ ಇಲ್ಲ.

ಯೋಚಿಸಿ ನೋಡಿದರೆ ಇದು ಮೂಲತಃ ರಂಗಭೂಮಿಯ ಪ್ರಶ್ನೆ. ನಟನೊಬ್ಬ ರಂಗಕ್ಕೆ ಕಾಲಿಡುವ ಮುನ್ನ ತನ್ನನ್ನು ತಾನೇ ಕೇಳಿಕೊಳ್ಳತಕ್ಕದ್ದು ಇದನ್ನೇ. ನಾನು ಯಾರು, ಯಾರೊಡನೆ ಮಾತಾಡುತ್ತಿದ್ದೇನೆ, ಈಗಲೇ ಈ ಮಾತನ್ನು ಏಕೆ ಆಡಬೇಕಾಯಿತು? ಇಷ್ಟು ತಿಳಿಯದೆ ಆಡಿದ ಮಾತು ಬಾಯಿಪಾಠವಾದೀತೇ ಹೊರತು ನಾಟಕವಾಗದು. ಶಾಲೆಯಲ್ಲಿ ಸತ್ತುಬಿದ್ದ ಈ ಪ್ರಶ್ನೆಗೆ ಜೀವ ಬಂದುದನ್ನು ನಾನು ಕಂಡದ್ದು ನಿವೃತ್ತಿಗೆ ಒಂದು ವರ್ಷ ಮುಂಚೆ. ಬಂದುದು ನಮ್ಮ ಸೀಮೆಯ ಒಂದು ಚಿಕ್ಕ ರಂಗತಂಡದ ದೆಸೆಯಿಂದ. ರಂಗತಂಡಗಳು ಶಾಲೆಗಳಿಗಾಗಿ ಏನು ಮಾಡಬೇಕು, ಏನು ಮಾಡಬಾರದು ಎಂಬ ವಿಷಯದಲ್ಲಿ ನನಗೆ ಆ ದಿನಗಳಿಂದ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನು ಹೇಳುವುದಕ್ಕೆ ಮೊದಲು ಸ್ವಲ್ಪ ಹಿಂದಿನ ಕಥೆ.

ನಮ್ಮ ನಾಡಿನಲ್ಲಿ ಶಾಲೆಗೂ ನಾಟಕಕ್ಕೂ ಬಹುಕಾಲ ಎಣ್ಣೆ ಸೀಗೆಯ ಸಂಬಂಧ. ನಾಟಕದ ಹುಚ್ಚು ಹತ್ತಿದ ಹುಡುಗ ಕೆಟ್ಟನೆಂದೇ ಹಿರಿಯರ ತೀರ್ಮಾನ. ಹತ್ತಿದವರು ಶಾಲೆ ಬಿಟ್ಟು ಕಂಪನಿಗೆ ಓಡಿಹೋಗುತ್ತಿದ್ದುದೂ ಉಂಟು. ಬಂಟ್ವಾಳ ತಾಲೂಕಿನ ಮಂಚಿಯ ಹುಡುಗ ಬಿ.ವಿ. ಕಾರಂತ ವಿದ್ಯಾರ್ಥಿಯಾಗಿದ್ದಾಗ ‘ನನ್ನ ಗೋಪಾಲ’ ನಾಟಕದಲ್ಲಿ ವೇಷ ಹಾಕಿ, ಆ ರುಚಿ ಬಿಡದೆ ಮನೆಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದುದು ಎಲ್ಲರೂ ಬಲ್ಲ ಸಂಗತಿ. ಆ ಓಡಿಹೋದ ಹುಡುಗನನ್ನು ಮತ್ತೆ ಓದಿಗೆ ಹಚ್ಚಿ ಕಾಶಿಗೆ ಕಳುಹಿಸಿದವರೂ ವೀರಣ್ಣನವರೇ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ನಾಟಕದ ಕಂಪನಿಯೊಂದು ಶಿಕ್ಷಣಕ್ಕೆ ಮಾಡಿದ ಉಪಕಾರಗಳಲ್ಲಿ ಅದಕ್ಕೆ ಮೇಲಾದುದು ನನಗೆ ತಿಳಿಯದು.

ಅಲ್ಲಿಂದೀಚೆಗೆ ಗಾಳಿ ತಿರುಗಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಆಟ, ಕುಣಿತ, ನಾಟಕಗಳನ್ನು ಪಾಠದ ಪಕ್ಕದಲ್ಲಿ ಸರಿಸಮನಾಗಿ ಕೂರಿಸಲು ಯತ್ನಿಸಿದರು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿತು. ಅಲ್ಲಿ ಕಲಿತವರು ನಾಡಿನ ಮೂಲೆಮೂಲೆಯ ಶಾಲೆಗಳಲ್ಲಿ ಮಕ್ಕಳೊಡನೆ ದುಡಿದಿದ್ದಾರೆ, ದುಡಿಯುತ್ತಿದ್ದಾರೆ. 1989ರಲ್ಲಿ ಮೈಸೂರಿನಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ರಂಗಾಯಣ ಹುಟ್ಟಿತು. ಅದರ ಬೇಸಿಗೆಯ ‘ಚಿನ್ನರ ಮೇಳ’ಕ್ಕೆ ಮಕ್ಕಳನ್ನು ಸೇರಿಸಲು ಅಪ್ಪ ಅಮ್ಮಂದಿರು ತವಕಿಸುತ್ತಾರೆ, ಮಗ ನಾಟಕಕ್ಕೆ ಸೇರಿದನೆಂದು ಮನೆಯಲ್ಲಿ ಅಳುತ್ತಿದ್ದ ಕಾಲ ಹೋಗಿ ಸೇರಲಿಲ್ಲವೆಂದು ಅಳುವ ಕಾಲ ಬಂದಿತು! ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿಯೂ ರಂಗಾಯಣಗಳಿವೆ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ ಮಠದಿಂದ ಶಿವಸಂಚಾರದ ತಂಡ 1997ರಿಂದ ಊರೂರು ತಿರುಗುತ್ತಿದೆ. ಮಕ್ಕಳ ನಾಟಕಗಳಿಗೂ ಬಡತನವಿಲ್ಲ. ಠಾಕೂರರ ಗಿಳಿಯ ಕಥೆಯಿಂದ ಬಿ.ವಿ. ಕಾರಂತರು ಮಾಡಿದ ‘ಪಂಜರ ಶಾಲೆ’ಯಿದೆ, ಕಂಬಾರರವಿದೆ, ವೈದೇಹಿಯವರ ‘ಢಾಂ ಢೂಂ ಸುಂಟರಗಾಳಿ’, ‘ನಾಯಿಮರಿ ನಾಟಕ’ಗಳಂಥವಿವೆ. ಗಿಳಿಗೆ ವಿದ್ಯೆ ಕಲಿಸಹೋಗಿ ಅದರ ಗಂಟಲಿಗೆ ಪುಸ್ತಕದ ಹಾಳೆ ತುರುಕಿ ಕೊಂದ ಆ ಕಥೆಯನ್ನು ನಮ್ಮ ಶಾಲೆಗಳಲ್ಲೇ ಆಡಿಸಿ, ಉಪಾಧ್ಯಾಯರಾದ ನಾವೇ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತೇವಲ್ಲ, ಅದಕ್ಕಿಂತ ದೊಡ್ಡ ಪ್ರಹಸನ ಇನ್ನಾವುದು?

ಇಷ್ಟೆಲ್ಲ ಇದ್ದೂ ನನ್ನಂಥ ಹಳ್ಳಿಯ ಶಾಲೆಯ ಮೇಷ್ಟ್ರಿಗೆ ರಂಗಭೂಮಿ ಎಂದರೆ ವರ್ಷಕ್ಕೊಮ್ಮೆ ಬರುವ ಅತಿಥಿ. ಒಂದು ದಿನ ಬಸ್ಸಿನಲ್ಲಿ ತಂಡ ಬರುತ್ತದೆ. ಪಕ್ಕದ ನಾಲ್ಕು ಶಾಲೆಗಳ ಮಕ್ಕಳನ್ನು ತಂದು ಕೂರಿಸುತ್ತಾರೆ. ಒಂದು ಗಂಟೆಯ ನಾಟಕ, ಕಡೆಗೆ ವಂದನಾರ್ಪಣೆ, ಒಂದು ಭಾವಚಿತ್ರ. ತಂಡದ ವರದಿಯಲ್ಲಿ “ಇಷ್ಟು ಶಾಲೆಗಳನ್ನು ತಲುಪಿದೆವು” ಎಂದು ಬರೆಯುತ್ತಾರೆ. ತಲುಪಿದ್ದು ನಿಜ, ಅಂಚೆಯವನೂ ದಿನಾ ತಲುಪುತ್ತಾನೆ. ಒಳ್ಳೆಯ ನಾಟಕವೊಂದನ್ನು ನೋಡುವುದು ಮಗುವಿಗೆ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಿದರೆ, ಖಂಡಿತ ಒಳ್ಳೆಯದು. ಆದರೆ ಅದನ್ನು ಶಿಕ್ಷಣವೆಂದು ಕರೆಯುವುದಕ್ಕೆ ನನ್ನ ಮನಸ್ಸು ಒಪ್ಪದು. ಜಾತ್ರೆಯಲ್ಲಿ ಒಮ್ಮೆ ಹೋಳಿಗೆ ಉಂಡವನನ್ನು ಹೊಟ್ಟೆ ತುಂಬಿದವನೆಂದು ಲೆಕ್ಕಕ್ಕೆ ಹಿಡಿಯಲಾದೀತೇ?

ಇನ್ನು ಶಾಲೆಗಳು ತಾವಾಗಿ ಆಡಿಸುವ ನಾಟಕಗಳ ಮಾತು. ಇಲ್ಲಿ ಬೇರೆಯವರನ್ನು ದೂರುವ ಅಧಿಕಾರ ನನಗಿಲ್ಲ, ದೂರತಕ್ಕವನು ನಾನೇ. ವಾರ್ಷಿಕೋತ್ಸವಕ್ಕೆಂದೂ ಸ್ಪರ್ಧೆಗೆಂದೂ ಅನೇಕ ವರ್ಷ ನಾಟಕ ಆಡಿಸಿದವನು ನಾನು. ಪ್ರತಿ ವರ್ಷವೂ ಅದೇ ಐದಾರು ಕಂಚಿನ ಕಂಠಗಳನ್ನು ಆರಿಸುತ್ತಿದ್ದೆ. ಉಳಿದ ಮಕ್ಕಳು ಮರ, ಸೈನಿಕ, ಪರದೆಯ ಹಿಂದಿನ ಗಾಳಿ.

ಮೂವತ್ತು ವರ್ಷಗಳ ಹಿಂದೆ ಒಂದು ಪೌರಾಣಿಕ ಏಕಾಂಕವನ್ನು ಎತ್ತಿಕೊಂಡಿದ್ದೆ. ನಾಯಕನ ಪಾತ್ರಕ್ಕೆ ಒಬ್ಬ ಹುಡುಗ ಸಿಕ್ಕಿದ. ಎತ್ತರದ ಆಳು, ನಿಂತರೆ ನೋಡಬೇಕೆನ್ನಿಸುವ ನಿಲುವು. ತನ್ನ ಮಾತು ಮಾತ್ರವಲ್ಲ, ಎಲ್ಲ ಪಾತ್ರಗಳ ಮಾತೂ ಅವನಿಗೆ ಬಾಯಿಗೆ ಬರುತ್ತಿತ್ತು. ಒಂದೇ ತೊಡಕು. ಅವನ ಮನೆಯ ಕನ್ನಡದಲ್ಲಿ ಹಕಾರವಿರಲಿಲ್ಲ. ಹಾಲು ಆಲಾಗುತ್ತಿತ್ತು, ಹಕ್ಕಿ ಅಕ್ಕಿಯಾಗುತ್ತಿತ್ತು, ಹಣ್ಣು ಅಣ್ಣಾಗುತ್ತಿತ್ತು. ನಾನು ತಿದ್ದಿದೆ. ಎರಡು ಸಲ, ಹತ್ತು ಸಲ, ಎಲ್ಲರೆದುರಿಗೆ ತಿದ್ದಿದೆ. ನಾನು ತಿದ್ದಿದಷ್ಟೂ ಅವನು ಇಲ್ಲದ ಕಡೆಯೂ ಹಕಾರ ಸೇರಿಸತೊಡಗಿದ. “ಅರಮನೆ” ಹೋಗಿ “ಹರಮನೆ”ಯಾಯಿತು. ತಾಲೀಮಿನಲ್ಲಿ ನಗೆ ಎದ್ದಿತು. ನಾನೂ ನಕ್ಕೆನೆಂದು ನೆನಪು. ಪ್ರದರ್ಶನಕ್ಕೆ ಒಂದು ವಾರವಿರುವಾಗ ಅವನನ್ನು ತೆಗೆದು, ಉಚ್ಚಾರ ಶುದ್ಧವಾಗಿದ್ದ ಇನ್ನೊಬ್ಬನಿಗೆ ಕಿರೀಟ ತೊಡಿಸಿದೆ. ಈ ಹುಡುಗನಿಗೆ ಪರದೆ ಎಳೆಯುವ ಕೆಲಸ ಕೊಟ್ಟೆ. ಪರದೆಯನ್ನು ಅವನು ಕ್ಷಣವೂ ತಪ್ಪದೆ ಎಳೆದ. ಎಲ್ಲರ ಮಾತೂ ಬಾಯಿಗೆ ಬರುತ್ತಿತ್ತಲ್ಲ! ನಾಟಕಕ್ಕೆ ತಾಲೂಕಿನಲ್ಲಿ ಪ್ರಥಮ ಬಹುಮಾನ ಬಂದಿತು. ಶೀಲ್ಡು ಇಂದಿಗೂ ಹೆಡ್ಮಾಸ್ಟರ ಕೋಣೆಯ ಬೀರುವಿನಲ್ಲಿದೆ. ಆ ಹುಡುಗ ಆಮೇಲಿನ ಒಂದೂವರೆ ವರ್ಷ ನನ್ನ ತರಗತಿಯಲ್ಲಿ ಗಟ್ಟಿಯಾಗಿ ಒಂದು ಸಾಲನ್ನೂ ಓದಲಿಲ್ಲ. ಓದೆಂದರೆ ಎದ್ದು ನಿಲ್ಲುತ್ತಿದ್ದ, ಅಷ್ಟೆ.

ಈಗ ಆ ರಂಗತಂಡದ ವಿಷಯ. ಅವರು ಇಬ್ಬರೇ ಬಂದದ್ದು, ಒಬ್ಬ ತರುಣ, ಒಬ್ಬಳು ತರುಣಿ. ಮಕ್ಕಳಿಗೆ ‘ಸಾರ್’ ಮತ್ತು ‘ಅಕ್ಕ’. ಹತ್ತನೆಯ ತರಗತಿಯ ಒಂದೇ ವಿಭಾಗ, ದಿನಕ್ಕೆ ಎರಡು ಪೀರಿಯಡ್ಡು, ಹನ್ನೆರಡು ದಿನ. ಇಷ್ಟೇ ಅವರು ಕೇಳಿದ್ದು. ನಾಟಕ ಯಾವುದು ಎಂದು ಕೇಳಿದೆ. “ನೀವು ಈಗ ಯಾವ ಪಾಠ ಮಾಡುತ್ತಿದ್ದೀರೋ ಅದೇ” ಎಂದರು. ನಾನು ಆಗ ಮಾಡುತ್ತಿದ್ದುದು ಪು.ತಿ.ನ. ಅವರ ‘ಶಬರಿ’. ಅದು ಗೀತನಾಟಕ, ಆದರೂ ನಾನು ಅದನ್ನು ಬೇರೆಲ್ಲ ಪಾಠದಂತೆ ಕುರ್ಚಿಯಲ್ಲಿ ಕುಳಿತೇ ಹೇಳುತ್ತಿದ್ದೆ. ಪ್ರದರ್ಶನ ಯಾವತ್ತು ಎಂದು ಹೆಡ್ಮಾಸ್ಟರು ಕೇಳಿದರು. “ಪ್ರದರ್ಶನ ಬೇಡ ಸಾರ್” ಎಂದಳು ಆ ತರುಣಿ. ಹೆಡ್ಮಾಸ್ಟರು ನನ್ನ ಮುಖ ನೋಡಿದರು. ಪ್ರದರ್ಶನವಿಲ್ಲದ ನಾಟಕವೆಂದರೆ ಊಟವಿಲ್ಲದ ಮದುವೆಯೆಂದು ಅವರ ಮುಖದಲ್ಲಿ ಬರೆದಿತ್ತು.

ಮೊದಲ ಎರಡು ದಿನ ಶಬರಿಯ ಹೆಸರನ್ನೇ ಎತ್ತಲಿಲ್ಲ. ಬೆಂಚುಗಳನ್ನು ಗೋಡೆಗೆ ಸರಿಸಿ, ಮಕ್ಕಳನ್ನು ಕಣ್ಣು ಮುಚ್ಚಿ ಕೂರಿಸಿ, ಏನೇನು ಕೇಳಿಸುತ್ತದೆ ಹೇಳಿ ಎಂದರು. ಪಂಪ್‌ಸೆಟ್ಟು, ಕೋಳಿ, ಅಡಿಗೆ ಮನೆಯ ತಟ್ಟೆ, ಕಾರಿಡಾರಿನಲ್ಲಿ ಹೆಡ್ಮಾಸ್ಟರ ಚಪ್ಪಲಿ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು, ಇದಕ್ಕೂ ಕನ್ನಡಕ್ಕೂ ಏನು ಸಂಬಂಧವೆಂದು ಮನಸ್ಸಿನಲ್ಲೇ ಗೊಣಗಿದೆ. ಆದರೆ ನನ್ನ ತರಗತಿ ಅಷ್ಟು ನಿಶ್ಶಬ್ದವಾಗಿ ಕುಳಿತದ್ದನ್ನು, ಅದೂ ಬೆತ್ತವಿಲ್ಲದೆ, ನಾನು ಕಂಡದ್ದು ಅದೇ ಮೊದಲು. ಇನ್ನೊಬ್ಬನ ಮಾತು ಕೇಳಿಸದವನು ಅದಕ್ಕೆ ಉತ್ತರ ಹೇಗೆ ಕೊಟ್ಟಾನು? “ಯಾರಿಗೆ ಹೇಳಿದರು” ಎಂಬ ಒಂದಂಕದ ಪ್ರಶ್ನೆಯ ಅರ್ಧ ಭಾಗ ಆ ಎರಡು ದಿನಗಳಲ್ಲಿತ್ತೆಂದು ನನಗೆ ತಡವಾಗಿ ಹೊಳೆಯಿತು.

ಮೂರನೆಯ ದಿನ ಆ ತರುಣ ಕೇಳಿದ: “ಶಬರಿ ರಾಮನಿಗಾಗಿ ಕಾದಳು ಅಂತ ಪುಸ್ತಕದಲ್ಲಿದೆ. ಕಾಯೋದು ಅಂದರೆ ಏನು ಮಾಡೋದು? ಮಾತಾಡಬೇಡಿ, ಮಾಡಿ ತೋರಿಸಿ.” ಮೊದಲು ಎದ್ದ ಹುಡುಗ ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡಿದ, ಕ್ಯಾಲೆಂಡರಿನ ಚಿತ್ರದಂತೆ. ಎರಡನೆಯವಳೂ ಹಾಗೆಯೇ ಮಾಡಿದಳು. ನಾನು ಹೇಳಿಕೊಟ್ಟಿದ್ದರೂ ಅದನ್ನೇ ಹೇಳಿಕೊಡುತ್ತಿದ್ದೆ. ಮೂರನೆಯ ಹುಡುಗಿ ಎದ್ದು, ಬಾಗಿಲ ಹಿಂದಿದ್ದ ಪೊರಕೆಯನ್ನು ತಂದು ಗುಡಿಸತೊಡಗಿದಳು. ಕಸವನ್ನು ಒಂದು ಮೂಲೆಗೆ ಒಟ್ಟಿದಳು. ಬಾಗಿಲ ಕಡೆ ನೋಡಿದಳು. ಬಂದು ಅದೇ ಜಾಗವನ್ನೇ ಮತ್ತೆ ಗುಡಿಸಿದಳು. ಸೆರಗಿಲ್ಲದಿದ್ದರೂ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮೂರನೆಯ ಸಲ ಗುಡಿಸುವಾಗ ಪೊರಕೆ ನಿಧಾನವಾಯಿತು. ತರಗತಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಏಕೆ ಹೀಗೆ ಮಾಡಿದೆಯಮ್ಮಾ ಎಂದು ಕೇಳಿದಾಗ, “ನಮ್ಮಪ್ಪ ಲಾರಿ ಓಡಿಸ್ತಾರೆ ಸಾರ್. ಅವರು ಬರೋ ದಿನ ಅಮ್ಮ ಇಂಗೇ ಮಾಡ್ತಾಳೆ. ಒಂದೇ ಅಂಗಳಾನ ಮೂರು ಸಲ” ಎಂದಳು.

‘ಶಬರಿ’ಯನ್ನು ನಾನು ಅಷ್ಟು ಹೊತ್ತಿಗೆ ಹಲವು ಸಲ ಪಾಠ ಮಾಡಿದ್ದೆ. ಭಕ್ತಿಯ ಪರಾಕಾಷ್ಠೆ, ನಿರೀಕ್ಷೆಯ ಸಾಫಲ್ಯ ಎಂದು ಹಲಗೆಯ ಮೇಲೆ ಬರೆಸಿದ್ದೆ. ಅಂಗಳ ಗುಡಿಸುವವಳೊಬ್ಬಳು ಆ ಪಾಠದಲ್ಲಿದ್ದಾಳೆಂದು ನನಗೆ ತಿಳಿದದ್ದು ಅಂದು.

ಮುಂದಿನ ದಿನಗಳಲ್ಲಿ ಮಕ್ಕಳು ಮೊದಲು ತಮ್ಮ ಮಾತಿನಲ್ಲಿಯೇ ಆ ಸಂದರ್ಭವನ್ನು ಆಡಿದರು. ರಾಮ ಲಕ್ಷ್ಮಣರು ನಮ್ಮೂರಿನ ದಾರಿಯಲ್ಲಿ ಬಂದರು. ಶಬರಿ ಅವರಿಗೆ “ಅಣ್ಣು” ಕೊಟ್ಟಳು. ನಾನು ಅಭ್ಯಾಸಬಲದಿಂದ ಎದ್ದು ನಿಂತೆ. ತಿದ್ದಬೇಕೆಂದು ಬಾಯಿ ತೆರೆದೆ. ಆ ತರುಣಿ ನನ್ನತ್ತ ನೋಡಿ, ಬೇಡವೆನ್ನುವಂತೆ ಸಣ್ಣಗೆ ತಲೆಯಾಡಿಸಿದಳು. ಕುಳಿತುಕೊಂಡೆ. ಕುಳಿತ ಮೇಲೆ ಯೋಚನೆ ಬಂತು: ಕಾಡಿನಲ್ಲಿ ಹುಟ್ಟಿ ಕಾಡಿನಲ್ಲಿ ಮುಪ್ಪಾದ ಶಬರಿ ಹಣ್ಣನ್ನು ಏನೆಂದು ಕರೆದಿದ್ದಾಳು? ಅವಳು ನನ್ನಂತೆಯೇ ಹಕಾರ ನುಡಿಯುತ್ತಿದ್ದಳೆಂದು ನನಗೆ ಯಾರು ಹೇಳಿದರು? ಆರೇಳು ದಿನಗಳಾದ ಮೇಲೆ, ಸಂದರ್ಭ ಕೈಗೆ ಹತ್ತಿದ ಬಳಿಕ, ಕವಿಯ ಮಾತುಗಳಿಗೆ ಬಂದರು. ಆಶ್ಚರ್ಯವೆಂದರೆ, ಹೊಸಗನ್ನಡದ ಆ ಬಿಗಿಯಾದ ಪದಪುಂಜಗಳು ಮಕ್ಕಳಿಗೆ ಆಗ ಪರಕೀಯವೆನ್ನಿಸಲಿಲ್ಲ. ಯಾವ ಮಾತು ಯಾರ ಎದೆಯಿಂದ ಬರಬೇಕೆಂದು ಅವರಿಗೆ ಗೊತ್ತಿತ್ತು; ಮಾತು ಮಾತ್ರ ಬೇಕಾಗಿತ್ತು, ಕವಿ ಕೊಟ್ಟರು. ಕೆಲವರ ನಾಲಗೆಯಲ್ಲಿ ಹಕಾರವೂ ತಾನಾಗಿ ಬಂದಿತು, ಕೆಲವರಲ್ಲಿ ಬರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಉಚ್ಚಾರ ಹೇಗಿದ್ದರೂ ನಡೆದೀತೆಂದು ನಾನು ಹೇಳುತ್ತಿಲ್ಲ. ಕನ್ನಡದ ಮೇಷ್ಟ್ರು ಹಾಗೆ ಹೇಳುವುದು ಅಕ್ಕಸಾಲಿಗ ತೂಕ ಹೇಗಿದ್ದರೇನು ಎಂದಂತೆ. ಮಕ್ಕಳು ನಾಡಿನ ಶಿಷ್ಟಭಾಷೆಯನ್ನು ಕಲಿಯಬೇಕು. ಅದಿಲ್ಲದೆ ನಾಳೆ ಅವರಿಗೆ ಕಚೇರಿಯ ಬಾಗಿಲು ತೆರೆಯದು. ಆದರೆ ಮನೆಯ ನುಡಿಯನ್ನು ಹೊಸ್ತಿಲಾಚೆ ಬಿಟ್ಟು ಬಾ ಎಂದರೆ ಮಗು ನುಡಿಯನ್ನಷ್ಟೇ ಬಿಟ್ಟು ಬರುವುದಿಲ್ಲ, ಮಾತನ್ನೇ ಬಿಟ್ಟು ಬರುತ್ತದೆ. ಶಾಲೆ ತಿದ್ದುವ ಸ್ಥಳ. ರಂಗ ಆಡಿಸುವ ಸ್ಥಳ. ತಿದ್ದುವುದಕ್ಕೆ ಮೊದಲು ಆಡಿಸಬೇಕು ಎಂಬ ಸರಳ ಕ್ರಮವನ್ನು ನಾನು ತಲೆಕೆಳಗು ಮಾಡಿಕೊಂಡಿದ್ದೆ. ಈ ಕ್ರಮವನ್ನು ನೆನಪಿಸುವುದಕ್ಕಾಗಿ ರಂಗಭೂಮಿ ಶಾಲೆಗೆ ಬರಬೇಕೇ ಹೊರತು ನಮ್ಮ ವಾರ್ಷಿಕೋತ್ಸವವನ್ನು ಚೆಂದಗಾಣಿಸುವುದಕ್ಕಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ತಂದೆ ತಾಯಿಯರನ್ನು ತರಗತಿಗೇ ಕರೆದರು. ವೇದಿಕೆಯಿಲ್ಲ, ಬಣ್ಣವಿಲ್ಲ, ಪರದೆಯಿಲ್ಲ. ಇಪ್ಪತ್ತು ಮಂದಿ ಬಂದಿದ್ದರು. ಗೋಡೆಯ ಬದಿಗೆ ಎತ್ತರದ ಆಳೊಬ್ಬ ಕೈಕಟ್ಟಿ ನಿಂತಿದ್ದ. ತಲೆ ಅಲ್ಲಲ್ಲಿ ನರೆತಿತ್ತು. ಗುರುತು ಹತ್ತಲು ನನಗೆ ಬಹಳ ಹೊತ್ತು ಹಿಡಿಯಲಿಲ್ಲ. ಆ ನಿಲುವು ಹಾಗೆಯೇ ಇತ್ತು. ಪೊರಕೆಯ ಹುಡುಗಿ ಅವನ ಮಗಳೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಆಟ ಮುಗಿದ ಮೇಲೆ ನಾನೇ ಹತ್ತಿರ ಹೋದೆ. ನಮಸ್ಕಾರ ಮಾಡಿ, “ನನ್ ಮಗಳೂ ‘ಅಣ್ಣು’ ಅಂದ್ಲಲ್ಲ ಮೇಷ್ಟ್ರೇ. ಯಾರೂ ನಗಲಿಲ್ಲ” ಎಂದ. ದೂರಿನ ದನಿಯಲ್ಲ, ಮಳೆ ಬಂತಲ್ಲ ಎಂದು ಹೇಳುವ ಹಾಗೆ. ನಾನು ಏನು ಹೇಳಬೇಕಾಗಿತ್ತೋ ಅದನ್ನು ಹೇಳದೆ, “ಕಾಫಿ ಕುಡಿದು ಹೋಗಪ್ಪ” ಎಂದೆ. ಲೋಡು ಹೊರಡುವ ಹೊತ್ತಾಯಿತೆಂದು ಅವನು ಹೊರಟುಹೋದ.

ಇಂಥ ಕೆಲಸ ಬೇರೆ ದೇಶಗಳಲ್ಲಿ ಹೊಸದಲ್ಲ. ಇಂಗ್ಲೆಂಡಿನ ಕವೆಂಟ್ರಿ ನಗರ ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಸಿಕ್ಕಿ ನೆಲಸಮವಾಗಿತ್ತು. ಮತ್ತೆ ಊರು ಕಟ್ಟುವಾಗ ಅಲ್ಲಿಯವರು 1958ರಲ್ಲಿ ಒಂದು ರಂಗಮಂದಿರವನ್ನೂ ಕಟ್ಟಿದರು. ಯುಗೋಸ್ಲಾವಿಯದ ಬೆಲ್‌ಗ್ರೇಡ್ ನಗರ ಅದಕ್ಕೆ ಮರ ದಾನ ಮಾಡಿತಾದ್ದರಿಂದ ಬೆಲ್‌ಗ್ರೇಡ್ ಥಿಯೇಟರೆಂದೇ ಹೆಸರಿಟ್ಟರು. ಈ ರಂಗಮಂದಿರ 1965ರಲ್ಲಿ, ನಟರೂ ಆಗಿ ಉಪಾಧ್ಯಾಯರೂ ಆಗಿರುವ ಕೆಲವರ ಪುಟ್ಟ ತಂಡವೊಂದನ್ನು ಶಾಲೆಗಳಿಗಾಗಿಯೇ ನಿಯಮಿಸಿತು. ನಾಟಕ ತೋರಿಸಿ ಮರಳುವುದು ಅವರ ಉದ್ದೇಶವಾಗಿರಲಿಲ್ಲ. ಮಕ್ಕಳು ಕಥೆಯೊಳಗೆ ಹೊಕ್ಕು ತೀರ್ಮಾನ ಕೈಗೊಳ್ಳಬೇಕು, ತರಗತಿಯ ಉಪಾಧ್ಯಾಯರು ಆ ಕೆಲಸವನ್ನು ಮುಂದುವರಿಸಬೇಕು ಎಂಬುದು ಪದ್ಧತಿ. ಶಿಕ್ಷಣದಲ್ಲಿ ರಂಗಭೂಮಿ ಎಂದು ಇಂದು ಜಗತ್ತು ಕರೆಯುವ ಚಳವಳಿ ಅಲ್ಲಿಂದ ಹಬ್ಬಿತು. ನಮ್ಮಲ್ಲಿಯೂ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಇದೇ ಮಾದರಿಯ ತಂಡವನ್ನು ಕಟ್ಟಿತು. ಅದರ ಹೆಸರು ಸಂಸ್ಕಾರ ರಂಗ ಟೋಲಿ. ಇಂಗ್ಲೆಂಡಿನಲ್ಲಿ 1988ರ ಶಿಕ್ಷಣ ಕಾಯಿದೆಯ ತರುವಾಯ ಶಾಲೆಗಳ ಹಣಕಾಸಿನ ಏರ್ಪಾಡು ಬದಲಾಗಿ, ಸ್ಥಳೀಯ ಸಂಸ್ಥೆಗಳ ನೆರವು ಕುಗ್ಗಿ, ಅಂಥ ತಂಡಗಳಲ್ಲಿ ಹಲವು ಬಾಗಿಲು ಮುಚ್ಚಿದವು. ಇದನ್ನೂ ನಾವು ಗಮನಿಸಬೇಕು. ಅನುದಾನದ ಮೇಲೆಯೇ ನಿಂತ ಮನೆ ಅನುದಾನದೊಡನೆ ಬೀಳುತ್ತದೆ. ತಂಡ ಹೋದ ಮೇಲೂ ಆ ವಿದ್ಯೆ ಶಾಲೆಯಲ್ಲಿ ಉಳಿಯಬೇಕಾದರೆ ಅದು ಅಲ್ಲಿಯ ಮೇಷ್ಟ್ರ ಮೈಗೆ ಹತ್ತಬೇಕು.

ಆಕ್ಷೇಪಗಳಿಲ್ಲದೆ ಇಲ್ಲ. ಪಾಠ ಮುಗಿಯಬೇಕಲ್ಲ ಎನ್ನುತ್ತಾರೆ ಉಪಾಧ್ಯಾಯರು. ಹತ್ತನೆಯ ತರಗತಿಯ ಫಲಿತಾಂಶ ಶೇಕಡಾ ಒಂದು ಇಳಿದರೂ ಮೇಲಿನವರಿಂದ ಕಾರಣ ಕೇಳಿ ಕಾಗದ ಬರುವ ಕಾಲದಲ್ಲಿ ಈ ಭಯವನ್ನು ನಗೆಯಾಡಲಾಗದು. ಇಪ್ಪತ್ತನಾಲ್ಕು ಪೀರಿಯಡ್ಡು ಒಂದೇ ಪಾಠಕ್ಕೆ ಹೋದುವು. ನಾನು ಉಳಿದ ಪಾಠಗಳಿಗೆ ಶನಿವಾರ ಮಧ್ಯಾಹ್ನಗಳನ್ನು ಸುರಿಯಬೇಕಾಯಿತು. ಆ ವರ್ಷ ಫಲಿತಾಂಶ ಏರಿತೆಂದು ಹೇಳಿ ನಿಮ್ಮನ್ನು ಒಲಿಸಿಕೊಳ್ಳುವ ಆಸೆ ನನಗಿಲ್ಲ. ಏರಲೂ ಇಲ್ಲ, ಇಳಿಯಲೂ ಇಲ್ಲ. ಕಲಾವಿದರ ಕಡೆಯಿಂದ ಬರುವ ಆಕ್ಷೇಪ ಬೇರೆ: ನಾವು ನಾಟಕ ಮಾಡುವವರು, ಮಕ್ಕಳಿಗೆ ಪಾಠ ಹೇಳುವವರಲ್ಲ ಎಂದು. ಅದು ಅರ್ಧ ನಿಜ. ನಾಟಕವನ್ನು ಇಲಾಖೆಗಳ ಪ್ರಚಾರದ ಗಾಡಿಗೆ ಕಟ್ಟಿ, ಇಂದು ಶೌಚಾಲಯ, ನಾಳೆ ನೀರುಳಿತಾಯ ಎಂದು ಊರೂರು ಎಳೆಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಕೆಲಸದಿಂದ ಕಲಾವಿದನಿಗೆ ನಾಲ್ಕು ದಿನದ ಅನ್ನ ಹುಟ್ಟೀತು. ಕಲೆಯೂ ಹುಟ್ಟದು, ಶಿಕ್ಷಣವೂ ಹುಟ್ಟದು. ಆದರೆ ಆ ಇಬ್ಬರು ತರುಣರು ನನ್ನ ತರಗತಿಯಲ್ಲಿ ಯಾವ ಸಂದೇಶವನ್ನೂ ಸಾರಲಿಲ್ಲ. ತಾವು ತಾಲೀಮಿನ ಕೋಣೆಯಲ್ಲಿ ದಿನವೂ ಮಾಡುವುದನ್ನೇ ಅಲ್ಲಿಯೂ ಮಾಡಿದರು. ಅದರಿಂದ ಅವರ ಕಲೆ ಕುಗ್ಗಿತೆಂದು ನನಗನ್ನಿಸಲಿಲ್ಲ. ಆ ಪೊರಕೆಯ ಶಬರಿಯನ್ನು ನೋಡುತ್ತಿದ್ದಾಗ ಆ ತರುಣನ ಮುಖವನ್ನು ನಾನು ನೋಡಿದ್ದೇನೆ.

ಹಾಗಾದರೆ ಏನು ಮಾಡಬೇಕು? ನನಗೆ ತೋರುವುದು ಇಷ್ಟು. ನಮ್ಮ ರಂಗಸಂಸ್ಥೆಗಳು ವರ್ಷಕ್ಕೆ ಇನ್ನೂರು ಶಾಲೆಗಳನ್ನು ಮುಟ್ಟುವ ಹಂಬಲ ಬಿಟ್ಟು ಆರು ಶಾಲೆಗಳಲ್ಲಿ ನೆಲೆ ನಿಲ್ಲಲಿ. ಅವೂ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರದವಾಗಲಿ. ಪಟ್ಟಣದ ಬೇಸಿಗೆ ಶಿಬಿರಗಳು ನಡೆಯಲಿ, ಬೇಡವೆನ್ನುವವನು ನಾನಲ್ಲ. ಆದರೆ ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಹಾಯಿಸುವ ಹುಡುಗ ಶಿಬಿರಕ್ಕೆ ಬರಲಾರ, ಅವನು ಸಿಕ್ಕುವುದು ಜೂನ್ ತಿಂಗಳ ತರಗತಿಯಲ್ಲೇ. ಸ್ಪರ್ಧೆಗೆ ನಾಟಕ ಕಲಿಸಿಕೊಡಿರೆಂದು ಶಾಲೆಯವರು ಕರೆದರೆ ತಂಡದವರು ಒಪ್ಪದಿರಲಿ. ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ಕುಳಿತಿರದ ತರಗತಿಯಲ್ಲಿ ಕೆಲಸವನ್ನೇ ಆರಂಭಿಸದಿರಲಿ. ಮೇಷ್ಟ್ರು ಆ ಎರಡು ಪೀರಿಯಡ್ಡನ್ನು ವಿರಾಮವೆಂದು ತಿಳಿದು ಸ್ಟಾಫ್ ರೂಮಿಗೆ ಹೋಗಿ ಕುಳಿತರೆ ಹನ್ನೆರಡು ದಿನವೂ ನೀರಿನಲ್ಲಿ ಹೋಮ.

ಸರ್ಕಾರದ ಪಾಲಿನ ಮಾತನ್ನೂ ಹೇಳಿಬಿಡುತ್ತೇನೆ. ಕಲೆಗೆ ಶಾಲೆಯ ಪಠ್ಯಕ್ರಮದಲ್ಲಿ ಸ್ಥಾನವಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯೊಡನೆ ಬೆರೆತ ಕಲಿಕೆಯ ಮಾತನ್ನಾಡಿತು. ಕಾಗದದ ಮೇಲೆ ನಾವು ಎಂದೂ ಬಡವರಲ್ಲ. ನಾಟಕದ ಮೇಷ್ಟ್ರುಗಳನ್ನು ನಮ್ಮ ಸರ್ಕಾರ ಪ್ರೌಢಶಾಲೆಗಳಿಗೆ ನೇಮಿಸಿದ್ದೂ ಉಂಟು. ಆದರೆ ಆ ಭಾಗ್ಯ ಕಂಡ ಶಾಲೆಗಳು ನಾಡಿನ ಶಾಲೆಗಳ ಸಂಖ್ಯೆಯ ಮುಂದೆ ಸಾಸಿವೆಯಷ್ಟು. ಎಲ್ಲ ಶಾಲೆಗೂ ನಾಟಕದ ಮೇಷ್ಟ್ರು ಬರುವ ದಿನಕ್ಕಾಗಿ ಶಬರಿಯಂತೆ ಕಾಯುವುದಕ್ಕಿಂತ, ಇರುವ ಭಾಷಾ ಉಪಾಧ್ಯಾಯರ ತರಬೇತಿಯಲ್ಲಿ ಹದಿನೈದು ದಿನವನ್ನು ರಂಗಸಂಸ್ಥೆಗಳಿಗೆ ಒಪ್ಪಿಸಿದರೆ ಖರ್ಚೂ ಕಡಮೆ, ಫಲವೂ ಬೇಗ. ಉಪನ್ಯಾಸವಾಗಿಯಲ್ಲ, ಅವರೂ ಕಣ್ಣು ಮುಚ್ಚಿ ಪಂಪ್‌ಸೆಟ್ಟಿನ ಸದ್ದು ಕೇಳಲಿ, ಪೊರಕೆ ಹಿಡಿಯಲಿ, ಒಬ್ಬರ ಮುಂದೊಬ್ಬರು ತಪ್ಪು ಉಚ್ಚರಿಸಲಿ. ಐವತ್ತು ದಾಟಿದವರಿಗೆ ಇದು ಕಷ್ಟ. ನನಗೆ ಬಹಳ ಕಷ್ಟವಾಯಿತು.

ನನ್ನ ಜಾಗಕ್ಕೆ ಬಂದಿರುವ ಉಪಾಧ್ಯಾಯಿನಿ ಚುರುಕಿನವರು. ಮೊನ್ನೆ ಸಂತೆಯಲ್ಲಿ ಸಿಕ್ಕಿ, ಆ ತಂಡದವರನ್ನು ಮತ್ತೆ ಕರೆಯಬೇಕೆಂದಿದ್ದೇನೆ, ವಿಳಾಸ ಕೊಡಿ ಸಾರ್ ಎಂದರು. ಕೊಟ್ಟೆ. ಈ ಸಲ ಎಂಟನೆಯ ತರಗತಿಗೆ ಕರೆಯಿರಿ, ಹತ್ತರಲ್ಲಿ ಹೆಡ್ಮಾಸ್ಟರು ಪೀರಿಯಡ್ಡು ಕೊಡಲಾರರು ಎಂದೂ ಹೇಳಿದೆ. ವಾರ್ಷಿಕೋತ್ಸವಕ್ಕೆ ಒಂದು ನಾಟಕವನ್ನೂ ಹೇಳಿಕೊಟ್ಟು ಹೋಗುತ್ತಾರಾ ಎಂದು ಅವರು ಕೇಳಿದರು. ಅದನ್ನು ಅವರನ್ನೇ ಕೇಳಿ ಎಂದು ಹೇಳಿ, ಸೊಪ್ಪಿನ ಚೀಲ ಎತ್ತಿಕೊಂಡು ಮನೆಗೆ ಬಂದೆ.